ಗಂಜಿ ಬಿಡಿಸುವ ಲಕ್ಷ್ಮವ್ವ

ರಬಕವಿಯ ಮಲಕಾಜಪ್ಪ ಸಾವಕಾರರ ಬಣ್ಣದ ಕಾರ್ಖಾನೆಯಲ್ಲಿ ಲಕ್ಷ್ಮವ್ವ ಹದಿನೆಂಟು ವರ್ಷ ಗಂಜಿ ಬಿಡಿಸಿದಳು. ನೇಯುವಾಗ ನೂಲು ಹರಿಯಬಾರದೆಂದು ನೇಕಾರರು ಅದಕ್ಕೆ ಗಂಜಿ ಹಾಕುತ್ತಾರೆ. ಆ ಗಂಜಿ ಪೂರ್ತಿ ಹೋಗದಿದ್ದರೆ ಬಟ್ಟೆ ಬಣ್ಣ ಹಿಡಿಯುವುದಿಲ್ಲ. ಮೂರು ದಿನ ನೆನೆಹಾಕಿ, ಹುಳಿ ನಾತ ಬಂದ ಮೇಲೆ ತುಳಿದು ತೊಳೆಯುವ ಈ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರುತ್ತಿರಲಿಲ್ಲ. ಅವಳ ಕೈ ದಾಟಿದ ಒಂದು ಥಾನು ಬಟ್ಟೆಗೂ ಕಲೆ ಬಿದ್ದಿರಲಿಲ್ಲ. ಅದೇ ಅವಳ ಸೊಕ್ಕು. ಸೊಕ್ಕೆಂದರೆ ಸೊಕ್ಕೇ ಸರಿ, ದುಡಿದು ಗಳಿಸಿದ್ದು.

ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಮೇಲೆ, ಜಮಖಂಡಿಯ ಕಚೇರಿಯಲ್ಲಿ ಕೆಲಸ ಕಳೆದುಕೊಂಡ ಶ್ರೀಧರಪಂತರು ಇಲ್ಲಿಗೆ ಮ್ಯಾನೇಜರಾಗಿ ಬಂದರು. ಮರುವರ್ಷ ಮುಂಬಯಿಯಿಂದ ಒಂದು ಡಬ್ಬಿ ಪುಡಿ ತರಿಸಿದರು. ಮೊಳಕೆ ಕಾಳಿನಿಂದ ಮಾಡಿದ್ದಂತೆ. ಮೂರು ದಿನದ ಕೆಲಸ ಮೂರು ತಾಸಿನಲ್ಲಿ ಮುಗಿಸುತ್ತದಂತೆ. ಲಕ್ಷ್ಮವ್ವ ಅದನ್ನು ನಂಬಿದಳು. ಬೀಳಗಿ ಕಡೆಯ ಅವಳ ತವರಿನಲ್ಲಿ ಕೂಸಿನ ಗಟ್ಟಿ ಅಂಬಲಿಗೆ ಮೊಳಕೆ ಜೋಳದ ಹಿಟ್ಟು ಒಂದಿಷ್ಟು ಹಾಕಿ ತೆಳ್ಳಗೆ ಮಾಡುತ್ತಿದ್ದರು. ಚಿಟಿಕೆ ಪುಡಿ ಮನೆಗೆ ಒಯ್ದು, ನಾಲ್ಕು ಬಟ್ಟಲಲ್ಲಿ ಗಂಜಿ ಇಟ್ಟು ನೋಡಿದಳು. ತಣ್ಣಗಿನದು ಸಂಜೆತನಕ ಸೋಮಾರಿಯಾಗಿ ಕೂತಿತು. ಕೈಯಿಟ್ಟು ಮೂರು ಎಣಿಸುವಷ್ಟು ಬಿಸಿಯಾದದ್ದು ನೋಡನೋಡುತ್ತ ನೀರಾಯಿತು. ಕುದಿಯುವುದು ಹಾಗೇ ಉಳಿಯಿತು, ಆರಿದ ಮೇಲೂ ಅಷ್ಟೇ. ಬಟ್ಟೆ ತೊಳೆಯುವ ಸೋಡಾ ಹತ್ತಿದ್ದ ನಾಲ್ಕನೆಯ ಬಟ್ಟಲಿನದು ಹದ ಬಿಸಿಯಿದ್ದರೂ ಕರಗಲಿಲ್ಲ.

ಮರುದಿನ ಅದನ್ನೇ ಹೇಳಲು ಹೋದಳು.

"ಚಿಟಿಕಿ ಪುಡಿ ಮನಿಗೆ ಒಯ್ದು ಹಾಕಿ ನೋಡೇನ್ರೀ. ಕುದಿಯೋ ನೀರಾಗ ಹಾಕಿದ್ರ ಪುಡಿ ಸಾಯತೈತ್ರೀ," ಎಂದಳು.

"ಬಿಸಿ ಹೆಚ್ಚಾದಷ್ಟು ಕೆಲಸ ಲಗೂ ಆಗ್ತದ. ಇದು ನಿಮ್ಮ ಅಂಬಲಿ ಅಲ್ಲ," ಎಂದು ಪಂತರು ಎದ್ದೇ ಹೋದರು. ಸೋಡಾದ ಮಾತು ಅವಳ ಬಾಯಲ್ಲೇ ಉಳಿಯಿತು.

ಕಡಾಯಿ ಕುದಿಸಿದರು. ನಲವತ್ತು ಥಾನು ಬಣ್ಣ ಹತ್ತದೆ, ತೊನ್ನು ಹಿಡಿದಂತೆ ಹೊರಬಂದವು. ಸಾವಕಾರರು ಕೇಳಿದಾಗ ಪಂತರು ಕಣ್ಣು ಮಿಟುಕಿಸದೆ, ಲಕ್ಷ್ಮವ್ವ ಪುಡಿ ಕದ್ದು ಮನೆಗೆ ಒಯ್ದಳು, ಅದಕ್ಕೇ ಅಳತೆ ಕಡಿಮೆ ಬಿತ್ತು ಎಂದರು. ಚಿಟಿಕೆ ಪುಡಿಗೆ ನಲವತ್ತು ಥಾನಿನ ಹೊಣೆ! ಸಾವಕಾರರು ಅವಳನ್ನು ಮನೆಗೆ ಕಳಿಸಿದರು.

ಸಂಜೆಯ ಹೊತ್ತಿಗೆ ಸುದ್ದಿ ಪಕ್ಕದೂರು ಬನಹಟ್ಟಿ ಮುಟ್ಟಿತ್ತು. ಲಕ್ಷ್ಮವ್ವ ನೀರಿಗೆ ಹೋದರೆ ನೆರೆಮನೆಯ ಸೋಮವ್ವ ತನ್ನ ಕೊಡ ಹತ್ತಿರ ಎಳೆದುಕೊಂಡಳು. ಗಂಡ ರಾಮಲಿಂಗಪ್ಪ ಮಗ್ಗದಿಂದ ತಲೆಯೆತ್ತದೆ, ಹೋಗಲಿ ಬಿಡು ಅಂದ. ಕೆಲಸ ಹೋದದ್ದನ್ನು ಅವಳು ಹೇಗೋ ನುಂಗುತ್ತಿದ್ದಳು. ಕಳ್ಳಿ ಎಂಬ ಹೆಸರನ್ನು ನುಂಗಲಾರದೆ ಹೋದಳು. ಹತ್ತು ದಿನ ಗಂಡನ ತಾಟಿಗೆ ರೊಟ್ಟಿ ಎಸೆದೇ ಬಡಿಸಿದಳು.

ಹನ್ನೊಂದನೆಯ ದಿನ ಸಾವಕಾರರೇ ಬಾಗಿಲಿಗೆ ಬಂದರು. ಪಂತರು ಯಾರಿಗೂ ಹೇಳದೆ ಉರಿ ಇಳಿಸಿ ನೋಡಿದ್ದರಂತೆ, ಆದರೂ ಗಂಜಿ ಬಿಡುತ್ತಿಲ್ಲ, ಮದುವೆಯ ಮಾಲು ಕಾದಿದೆ. ಲಕ್ಷ್ಮವ್ವ ಹೋದಳು. ಕಡಾಯಿಯ ಅಂಚಿಗೆ ಬೆರಳಾಡಿಸಿದಳು; ಜಾರಿತು. ಸೋಡಾ ಕುದಿಸಿ ತೊಳೆಯದೆ ಬಿಟ್ಟಿದ್ದರು. ತನ್ನ ಸೋಡಾ ಬಟ್ಟಲಿನ ಕತೆಯೇ ಇದು ಎಂದು ಅವಳಿಗೆ ತಿಳಿಯಿತು, ಹೇಳಲಿಲ್ಲ.

"ಆ ನಲವತ್ತು ಥಾನು ಯಾರು ಕೆಡಿಸಿದ್ರು ಅನ್ನೋದು ಹೇಳ್ರಿ ಪಂತರ. ಆಮ್ಯಾಲ ನಾ ಹೇಳ್ತೇನಿ."

ಪಂತರು ಸಾವಕಾರರ ಮುಖ ನೋಡಿದರು. ಸಾವಕಾರರು ಕಡಾಯಿ ನೋಡಿದರು.

"ನೀರು ಕುದಿಸಿದಾಂವ ನಾನು. ಲಕ್ಷ್ಮವ್ವ ಕದ್ದಿಲ್ಲ," ಎಂದು ಪಂತರು ಗೊಣಗಿದರು.

ಪಕ್ಕದ ಕೋಣೆಯಲ್ಲಿ ಸಾವಕಾರರ ಹನ್ನೆರಡು ಮಗ್ಗ ಬಡಿಯುತ್ತಿದ್ದವು; ಆ ಸದ್ದಿನಲ್ಲಿ ನೇಕಾರರಿಗೆ ಈ ಮಾತು ಕೇಳಲಿಲ್ಲ.

"ಮಗ್ಗ ನಿಂದ್ರಸ್ರಿ," ಎಂದಳು ಲಕ್ಷ್ಮವ್ವ. "ಕಳ್ಳಿ ಅಂದದ್ದು ಎಲ್ಲಾರಿಗೂ ಕೇಳಿತ್ತು."

ಸಾವಕಾರರು ಕೈಯೆತ್ತಿದರು. ಒಂದೊಂದೇ ಮಗ್ಗ ನಿಂತಿತು. ಪಂತರು ಇನ್ನೊಮ್ಮೆ ಹೇಳಿದರು. ಸೋಡಾ ಪೂರ್ತಿ ಹೋಗುವಂತೆ ಕಡಾಯಿ ಮೂರು ಸಲ ತೊಳೆಯಬೇಕೆಂದು ಲಕ್ಷ್ಮವ್ವ ಆಮೇಲೆ ಹೇಳಿದಳು, ಕಸಬರಿಗೆಯನ್ನು ಪಂತರ ಕೈಗೇ ಕೊಟ್ಟಳು.