ಹೌದ್ರೀ ಅಂದವರ ಗಣಿತ

ನಮ್ಮ ಪಡಸಾಲಿಯ ಗೋಡೆಯ ಮಾಡದಲ್ಲಿ, ಎಣ್ಣಿ ಬಾಟಲಿಗೂ ನನ್ನ ಕಣ್ಣಿನ ಚಾಳೀಸಿಗೂ ನಡುವೆ, ಒಂದು ತಗಡಿನ ಕಂಪಾಸ ಡಬ್ಬಿ ಕೂತಿರುತ್ತದೆ. ಮೊಮ್ಮಗಳು ಸವಿತಾ ಎಂಟನೇತ್ತೆಗೆ, ಅಂದರೆ ಎಂಟನೇ ಕ್ಲಾಸಿಗೆ, ಹೋದಾಗ ತಂದದ್ದು. ಆಗ ಅದರೊಳಗೆ ಇರಬೇಕಾದ ಸಾಮಾನೆಲ್ಲ ಇತ್ತು. ಒಂಬತ್ತನೇತ್ತೆಗೆ ಬರುವಷ್ಟರಲ್ಲಿ ಕೋನ ಅಳೆಯುವ ಅರ್ಧಚಂದ್ರ ಮುರಿಯಿತು, ಹತ್ತನೇತ್ತೆಗೆ ಕೈವಾರದ ಮೊಳೆ ಸಡಿಲಾಗಿ ಅದು ದುಂಡು ಒಂದನ್ನು ಬಿಟ್ಟು ಬೇರೆಲ್ಲ ತೆಗೆಯತೊಡಗಿತು. ಡಬ್ಬಿ ಖಾಲಿಯಾದಷ್ಟೂ ಹುಡುಗರ ತಲೆ ತುಂಬುತ್ತದೆ ಎಂದು ಸಾಲಿಯವರು ತಿಳಿದಿರಬೇಕು. ಎರಡು ಮೊನೆಯ ಮುಳ್ಳೊಂದು ಇನ್ನೂ ಗಟ್ಟಿ ಇದೆ. ಅದರಿಂದ ನಾನು ನೂಲಿನ ಗಂಟು ಬಿಡಿಸುತ್ತೇನೆ.

ನಿಮ್ಮ ಮನಿಯಲ್ಲೂ ಇಂಥದೊಂದು ಡಬ್ಬಿ ಇರಬಹುದು, ಅದರ ಸಾಮಾನಿನ ಹೆಸರೂ ನಿಮಗೆ ಗೊತ್ತಿರಬಹುದು. ನಾನು ಎರಡನೇತ್ತೆ ಮುಗಿಸದೆ ಮಗ್ಗಕ್ಕೆ ನೂಲು ಸುತ್ತುವ ರಾಟಿ ಹಿಡಿದವಳು. ಕೂಡಿಸುವುದು ಬರುತ್ತದೆ, ಕಳೆಯುವುದು ಬರುತ್ತದೆ, ಉಳಿದದ್ದು ಬೇಕಾಗಲಿಲ್ಲ. ಆದರೆ ಸವಿತಾ ಹೈಸ್ಕೂಲಿನ ಅಷ್ಟೂ ವರ್ಷ ನನ್ನ ರಾಟಿಯ ಮಗ್ಗುಲಲ್ಲೇ ಕೂತು ಗಟ್ಟಿಯಾಗಿ ಓದಿದ್ದರಿಂದ, ಆ ಗಣಿತ ನನ್ನ ಕಿವಿಯ ಮೇಲೂ ಹಾದು ಹೋಗಿದೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನಿಗೊಂದು ಪಾವರಲೂಮು. ಅದರ ಸದ್ದಿನಲ್ಲಿ ಮೆಲ್ಲಗೆ ಓದಿದರೆ ಓದಿದವರಿಗೇ ಕೇಳಿಸುವುದಿಲ್ಲ.

ಎಂಟನೇತ್ತೆಯಲ್ಲಿ ಅಂಕಿಗಳ ಓಣಿಗೆ ಅಕ್ಷರಗಳು ಬಾಡಿಗೆಗೆ ಬಂದವು. ಎಕ್ಸ್ ಅಂತ ಒಬ್ಬ, ವಾಯ್ ಅಂತ ಇನ್ನೊಬ್ಬ. ಎಕ್ಸ್ ಅಂದರೆ ಎಷ್ಟು ಎಂದು ಕೇಳಿದೆ.

“ಗೊತ್ತಿಲ್ಲ ಆಯಿ. ಅದನ್ನ ಹುಡಕೂದು.”

ಮರುದಿನ ಕೇಳಿದರೆ ಹುಡುಕಿದ್ದಳು. ಅದರ ಮರುದಿನ ಮತ್ತೆ ಕಳೆದಿತ್ತು. ದಿನಾ ಕಳೆಯುವುದನ್ನು ದಿನಾ ಹುಡುಕುವುದು ಯಾವ ಸೀಮೆಯ ಕೆಲಸ ಎಂದೆ.

“ಮುತ್ಯಾನ ತಂಬಾಕದ ಚೀಲ ನೀ ದಿನಾ ಹುಡಕ್ತಿದ್ದಿಲ್ಲೇನ?” ಅಂದಳು.

ನನ್ನ ಯಜಮಾನರ ಆ ಚೀಲ ನೆನಪಾಗಿ ಎಕ್ಸ್ ನನಗೆ ತಿಳಿಯಿತು. ವಾಯ್ ಇವತ್ತಿಗೂ ತಿಳಿದಿಲ್ಲ.

ಒಂಬತ್ತನೇತ್ತೆಯಲ್ಲಿ ಗಣಿತ ಹುಡುಕುವುದನ್ನು ಬಿಟ್ಟು ಸಾಕ್ಷಿ ಹೇಳತೊಡಗಿತು. ಎದುರಿಗೇ ಕಾಣುವ ತ್ರಿಕೋನದ ಎರಡು ಬಾಜು ಸಮ ಇವೆ ಎಂದು ಬೆರಳು ಮಾಡಿ ತೋರಿಸಿದರೆ ನಡೆಯುವುದಿಲ್ಲವಂತೆ. ಒಂದೊಂದು ಸಾಲಿನ ಮುಂದೂ ಕಾರಣ ಬರೆಯಬೇಕಂತೆ. ನನ್ನ ಮೈದುನನ ಗೋಡೆಯ ತಕರಾರು ಜಮಖಂಡಿ ಕೋರ್ಟಿಗೆ ಹೋದಾಗ ಆ ಗೋಡೆಯನ್ನು ಊರೆಲ್ಲ ಕಣ್ಣಾರೆ ಕಂಡಿತ್ತು. ಆದರೂ ಅದು ಗೋಡೆ ಎಂದು ಸಾಧಿಸುವುದರಲ್ಲಿ ವಕೀಲನ ತಲೆ ನೆರೆಯಿತು. ಹಾಗಾಗಿ ಪ್ರಮೇಯ ಎಂಬುದು ನನಗೆ ಹೊಸದೆನಿಸಲಿಲ್ಲ. ಹುಡುಗಿಗೆ ಮಾತ್ರ ಕಾರಣ ಕೇಳುವ ಚಟ ಅಂಟಿಕೊಂಡಿತು. ಹಿಟ್ಟು ನಾದುವಾಗ ಯಾಕ, ನೀರು ತುಂಬುವಾಗ ಯಾಕ. ಹುಣ್ಣಿಮೆಗೆ ಯಾಕ ಹೋಳಿಗಿ, ಅಮಾಸಿಗೆ ಯಾಕ ಇಲ್ಲ. ತಿನ್ನುವಾಗ ಮಾತ್ರ ಕೇಳುತ್ತಿರಲಿಲ್ಲ.

ಹತ್ತನೇತ್ತೆಗೆ ಬಂದ ಮೇಲೆ ನನಗೆ ಇಡೀ ಏರಿಕೆ ಕಂಡಿತು. ಎಂಟರಲ್ಲಿ ಎಷ್ಟು ಎಂದು ಕೇಳುತ್ತಾರೆ, ಒಂಬತ್ತರಲ್ಲಿ ಯಾಕೆ ಎಂದು ಕೇಳುತ್ತಾರೆ, ಹತ್ತರಲ್ಲಿ ಎಷ್ಟು ಮಾರ್ಕ್ಸು ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಏರದೆಯೇ ಗೋಪುರದ ಎತ್ತರ ಅಳೆಯುವ ವಿದ್ಯೆ ಇತ್ತು, ಬಹಳ ಛಲೋ ವಿದ್ಯೆ. ಸವಿತಾ ಅದರಲ್ಲೇ ಸಿಕ್ಕಿಬಿದ್ದಳು. ಅರ್ಧವರ್ಷದ ಪರೀಕ್ಷೆಯಲ್ಲಿ ಒಂದು ಗೋಪುರದ ಮುಂದೆ ಯಾಕ ಎಂದು ಕೂತವಳು ಉಳಿದ ಪ್ರಶ್ನೆಗಳ ಕಡೆ ಹೊರಳಲೇ ಇಲ್ಲ, ಮಾರ್ಕ್ಸು ನೆಲಕ್ಕೆ ಹತ್ತಿತು.

ಅವಳಿಗೆ ಜಮಖಂಡಿ ಕಾಲೇಜಿನಲ್ಲಿ ಸೈನ್ಸು ಓದಬೇಕೆಂಬ ಹಟ, ಅದೂ ಗಣಿತ ತಗೊಂಡು. ಅವಳ ಅಪ್ಪ, ಅಂದರೆ ನನ್ನ ಮಗ ಮಲ್ಲಪ್ಪ, ಒಂದೇ ಮಾತು ಹೇಳಿದ್ದ: “ಪಾಸಾದ್ರ ಜಮಖಂಡಿ. ನಪಾಸಾದ್ರ ಆಯಿ ಮಗ್ಗಲದಾಗ ಇನ್ನೊಂದ ರಾಟಿ.” ಅವನು ಸಿಟ್ಟಿನಿಂದ ಹೇಳಿದ್ದಲ್ಲ. ರಾಟಿಗೆ ಜಾಗ ನೋಡಿಯೇ ಹೇಳಿದ್ದ.

ಸಾಲಿಯಲ್ಲಿ ಆಗ ಪಾಲಕರ ಸಭೆ ಕರೆದರು. ಮಗ ಸೊಸಿ ಮಗ್ಗ ಬಿಟ್ಟು ಏಳುವಂತಿರಲಿಲ್ಲ, ನಾನು ಹೋದೆ. ಗಣಿತದ ಸರ್ ಒಳ್ಳೆಯ ಮನುಷ್ಯ, ಅಂಗಿಯ ತೋಳಿನ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ. ಹಿಂದೆ ಬಿದ್ದ ಹುಡುಗರಿಗೆ ಪಾಸಿಂಗ್ ಪ್ಯಾಕೇಜ್ ಎಂಬುದೊಂದು ಇದೆ ಎಂದು ಅವರು ವಿವರಿಸಿದರು. ಪರೀಕ್ಷೆಗೆ ಖಾತ್ರಿ ಬರುವ ಪ್ರಮೇಯ ಬಾಯಿಪಾಠ, ನಕ್ಷೆ ತೆಗೆಯುವುದು, ಕೈವಾರದ ಚಿತ್ರಗಳು. ಅಷ್ಟನ್ನೇ ದಿನಾ ತಿಕ್ಕುವುದು, ಉಳಿದ ಪಾಠಕ್ಕೆ ಕೈ ಹಚ್ಚುವುದಿಲ್ಲ, ಪಾಸಿನ ಗೆರೆ ದಾಟಿಸುವುದು. ಸವಿತಾಳ ಹೆಸರೂ ಅದರಲ್ಲಿ ಬಂತು. ಮುಗಿಸಿ, “ತಿಳೀತಿಲ್ರಿ?” ಎಂದರು.

“ಹೌದ್ರೀ” ಅಂದೆವು ಎಲ್ಲರೂ.

ನಮ್ಮ ಕಡೆ ದೊಡ್ಡವರು ಹೇಳಿ ಮುಗಿಸಿ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಹೌದ್ರೀ ಅನ್ನುವುದು ಮರ್ಯಾದೆ. ಡಾಕ್ಟರಿಗೆ ಅನ್ನುತ್ತೇವೆ, ಬ್ಯಾಂಕಿನವರಿಗೆ ಅನ್ನುತ್ತೇವೆ, ಪುರಾಣ ಹೇಳುವ ಶಾಸ್ತ್ರಿಗಳಿಗೆ ಅವರು ಕೇಳದಿದ್ದರೂ ಅನ್ನುತ್ತೇವೆ. ಅದು ತಿಳಿಯಿತು ಎಂಬ ಮಾತಲ್ಲ, ನೀವು ಮಾತಾಡಿದ್ದು ಕೇಳಿಸಿತು ಎಂಬ ಮಾತು. ಸರ್ ಅದನ್ನು ಒಪ್ಪಿಗೆ ಎಂದು ತಗೊಂಡರು. ಮರುದಿನ ಸವಿತಾಳನ್ನು ಪ್ಯಾಕೇಜಿನ ಬೆಂಚಿಗೆ ಕೂರಿಸಿದರು.

ಸಂಜೆ ಬಂದವಳು ಪಾಟಿಚೀಲವನ್ನು ಇಳಿಸಲಿಲ್ಲ.

“ಯಾರ ಹೇಳಿದ್ರು ನಿನಗ ಹೌದು ಅನ್ನಾಕ?”

“ಎಲ್ಲಾರೂ ಅಂದ್ರವಾ.”

“ಸರ್ ಹೇಳಿದ್ದು ತಿಳಿದಿತ್ತೇನ?”

“ಇಲ್ಲ.”

“ಮತ್ತ?”

“ಅವ್ರ ಪಾಪ ಅಷ್ಟೊತ್ತು ನಿಂತ ಹೇಳಿದ್ರು.”

“ಅದ್ರಾಗ ಗೋಪುರ ಇಲ್ಲ ಆಯಿ. ಯಾಕ ಅನ್ನೂದೂ ಇಲ್ಲ. ಎ ಬಿ ಸಿ ಇದ್ದ ತ್ರಿಕೋನಕ್ಕ ಪಿ ಕ್ಯೂ ಆರ್ ಬರದ್ರ ಆ ಬೆಂಚಿನ್ಯಾಗ ಕುಂತಾವ್ರಿಗೆ ಬರೂದಿಲ್ಲ. ನಾ ಅಲ್ಲಿ ಕುಂದ್ರಂಗಿಲ್ಲ.”

ಪಾಸಾದರೆ ಸಾಕಲ್ಲ ಎಂದೆ. ಪಾಸಾಗಿ ಜಮಖಂಡಿಯಲ್ಲಿ ಹೋಗಿ ಏನು ಮಾಡಲಿ, ಅಲ್ಲಿಯೂ ಹೌದ್ರೀ ಅನ್ನಲೇನು ಎಂದಳು. ನಾನು ರಾಟಿ ತಿರುಗಿಸಿದೆ.

ಅವಳು ಮಾಡಿದ್ದಿಷ್ಟೇ. ತನ್ನ ಹಳೆ ಬೆಂಚಿಗೆ ಹೋಗಿ ಕೂತಳು. ಸರ್ ಲೆಕ್ಕ ಮುಗಿಸಿ ತಿಳೀತಿಲ್ಲೋ ಎಂದು ಕೇಳಿದಾಗ, ಇಡೀ ವರ್ಗ ಹೌದ್ರೀ ಅಂದ ಮೇಲೆ, ಒಬ್ಬಳೇ “ಇಲ್ರೀ” ಅಂದಳು. ಸರ್ ಇನ್ನೊಮ್ಮೆ ಹೇಳಿದರು. ಇಲ್ರೀ. ಮತ್ತೊಮ್ಮೆ ಹೇಳಿದರು. ಈಗ ಸ್ವಲ್ಪ ಹೌದ್ರೀ, ಆದ್ರ ನಡುವಿಂದು ಇಲ್ರೀ. ಹೀಗೇ ನಡೆಯಿತು. ಮುಂದಿನ ಬೆಂಚಿನ ಜಾಣೆಯರು ಹೊರಳಿ ನೋಡತೊಡಗಿದರು. “ನಿನ್ನ ಸಲುವಾಗಿ ನಾವೂ ಇಲ್ಲೇ ಮುದುಕ್ಯಾರಾಗೂನೇನ?” ಎಂದು ಒಬ್ಬಳು ಕೇಳಿದಳಂತೆ.

ಕಡೆಗೆ ಸರ್ ನಮ್ಮ ಮನಿಗೇ ಬಂದರು. ಮಗ ಮಗ್ಗ ನಿಲ್ಲಿಸಲಿಲ್ಲ, ಹಾಗಾಗಿ ಸರ್ ಕೂಗಿ ಕೂಗಿ ಮಾತಾಡಬೇಕಾಯಿತು. ಕೂಗಿ ಹೇಳಿದರೆ ಎಂಥ ಮೆತ್ತನೆಯ ಮಾತೂ ಜಗಳದ ಹಾಗೆ ಕೇಳುತ್ತದೆ. ಮೊದಲು ನನ್ನನ್ನು ಸಮಾಧಾನ ಮಾಡಲು, “ಆಯಿ, ನಿಮ್ಮ ಸೀರಿ ದಡಿಯೊಳಗೂ ಗಣಿತ ಐತ್ರಿ” ಎಂದರು.

“ಇಲ್ರೀ,” ಎಂದೆ. “ಅದ್ರಾಗ ನೂಲ ಐತಿ.”

ಸರ್ ಚಹಾ ಕುಡಿದರು. ಆಮೇಲೆ ವಿಷಯಕ್ಕೆ ಬಂದರು. “ಈಕಿ ದಿನಾ ಇಲ್ರೀ ಅಂತಾಳ. ಪಾಠ ಮುಂದ ಹೋಗವಲ್ದು.”

“ತಿಳಿಲಿಲ್ಲಂದ್ರ ಏನ್ ಅನ್ಬೇಕ್ರಿ?” ಎಂದೆ.

ಸರ್ ಚಹಾದ ಬಶಿ ಕೆಳಗಿಟ್ಟರು. “ಇಲ್ಲ ಅನಬೇಕ್ರಿ. ಖರೆ ಅದ. ಆದ್ರ ಇಷ್ಟ ವರ್ಷ ಯಾರೂ ಅಂದಿದ್ದಿಲ್ಲ. ಎಲ್ಲಾರಿಗೂ ತಿಳಿತೈತಿ ಅಂತ ನಾನೂ ಆರಾಮ ಇದ್ನಿ.”

ನಪಾಸಾದರೆ ತನ್ನನ್ನು ಅನ್ನಬಾರದು ಎಂದರು. ಅನ್ನುವುದಿಲ್ಲ, ರಾಟಿ ಇದೆಯಲ್ಲ ಎಂದೆ. ಬಾಗಿಲ ಮರೆಯಲ್ಲಿ ನಿಂತಿದ್ದ ಸವಿತಾ ಅದನ್ನು ಕೇಳಿಸಿಕೊಂಡಳು. ಕೇಳಿಸಲಿ ಎಂದೇ ಕೂಗಿ ಹೇಳಿದ್ದೆ. ಸಾಲಿ ಬಿಟ್ಟ ಮೇಲೆ ಒಂದು ತಾಸು ಬರಲಿ, ತಿಳಿಯದ್ದನ್ನು ಹೇಳಿಕೊಡುತ್ತೇನೆ ಎಂದು ಸರ್ ಎದ್ದರು. ಆ ತಾಸಿಗೆ ಮೊದಲು ಸವಿತಾ ಒಬ್ಬಳೇ ಹೋದಳು. ಆಮೇಲೆ, ವರ್ಗದಲ್ಲಿ ಎಲ್ಲರಿಗಿಂತ ಜೋರಾಗಿ ಹೌದ್ರೀ ಅನ್ನುತ್ತಿದ್ದ ಮುಂದಿನ ಬೆಂಚಿನವರೇ ಒಬ್ಬೊಬ್ಬರಾಗಿ ಬಂದರಂತೆ.

ಈ ಗಣಿತ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ, ರಾಟಿಯ ಕೆಲಸದಲ್ಲಿ ಯೋಚನೆಗೆ ಅಡ್ಡಿ ಇಲ್ಲ. ಅದು ನಿಚ್ಚಣಿಕೆ ಇದ್ದ ಹಾಗೆ. ಎಂಟರ ಮೆಟ್ಟಿಲು ಮುರಿದಿದ್ದರೂ ಹುಡುಗರನ್ನು ರಟ್ಟೆ ಹಿಡಿದು ಒಂಬತ್ತಕ್ಕೆ ಎತ್ತುತ್ತಾರೆ, ಹತ್ತರಲ್ಲಿ ಕೆಳಗಿನಿಂದ ನೂಕುತ್ತಾರೆ. ಹಾಗೆ ಏರಿದವರೂ ಮಾಳಿಗೆಯ ಮೇಲೆಯೇ ಇರುತ್ತಾರೆ, ಸುಳ್ಳಲ್ಲ. ಇಳಿಯುವಾಗ ಮಾತ್ರ ಯಾರನ್ನಾದರೂ ಕೂಗಬೇಕು.

ಪರೀಕ್ಷೆ ಆಯಿತು, ಫಲಿತಾಂಶ ಬಂತು. ಸವಿತಾ ಗಣಿತದಲ್ಲಿ ಪಾಸಾಗಿದ್ದಳು. ಪ್ಯಾಕೇಜಿನ ಬೆಂಚಿನ ಹುಡುಗಿಯರಿಗೆ ಅವಳಿಗಿಂತ ಹೆಚ್ಚು ಬಂದಿತ್ತು. ಇದನ್ನು ಮುಚ್ಚಿಟ್ಟು ಹೇಳಿದರೆ ಕಥೆ ಛಂದ ಆಗುತ್ತಿತ್ತು, ಆದರೆ ಹೆಚ್ಚು ಬಂದದ್ದು ಖರೆ. ಮಲ್ಲಪ್ಪ ಅದನ್ನು ನೋಡಿ ಪಾಸು ಎಂದರೆ ಪಾಸು ಎಂದು, ಜಮಖಂಡಿ ಬಸ್ಸಿನ ಹೊತ್ತು ಹೇಳಿ ಮಗ್ಗಕ್ಕೆ ಹೋದ.

ಜಮಖಂಡಿಗೆ ಅವಳ ಜೊತೆ ನಾನೇ ಹೋದೆ. ಕಾಲೇಜಿನಲ್ಲಿ ಹೆಸರು ಹಚ್ಚಿಸುವ ಮೇಜಿನ ಹಿಂದೆ ಇಸ್ತ್ರಿ ಅಂಗಿ ತೊಟ್ಟ ಲೆಕ್ಚರರು ಒಬ್ಬರು ಕೂತಿದ್ದರು. ಮಾರ್ಕ್ಸು ನೋಡಿ ಹುಬ್ಬು ಏರಿಸಿದರು.

“ಇಷ್ಟರ ಮ್ಯಾಲ ಸೈನ್ಸ್ ಯಾಕವಾ? ಆರ್ಟ್ಸ್ ತಗೋ, ಆರಾಮ ಇರ್ತಿ. ಗಣಿತ ಬರ್ತೈತೇನ ನಿನಗ?”

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ಕೊಟ್ಟರು. ಹೌದ್ರೀ ಅನ್ನವಾ ಎಂದು ನಾನು ಅವಳ ಬೆನ್ನಿಗೆ ತಿವಿದೆ, ಇದು ಅದಕ್ಕೆ ಸರಿಯಾದ ಜಾಗ ಎಂದು.

“ಎಲ್ಲಾ ಬರಂಗಿಲ್ರಿ,” ಎಂದಳು. “ಎಲ್ಲಿಂದ ಬರಂಗಿಲ್ಲ ಅನ್ನೂದು ಗೊತ್ತೈತ್ರಿ.”

ಲೆಕ್ಚರರು ಪೆನ್ನಿನ ಟೊಪ್ಪಿಗೆ ತೆಗೆದು, ಹಾಕಿ, ಮತ್ತೆ ತೆಗೆದರು. “ಎಲ್ಲಿಂದ?” ಎಂದು ಕೇಳಿದರು. ಅವಳು ಮೇಜಿನ ಮೇಲೆ ಬಾಗಿ, ಬೆರಳಿನಿಂದಲೇ ಒಂದು ತ್ರಿಕೋನ ಬರೆದು ತೋರಿಸತೊಡಗಿದಳು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸಾಲು ನಿಂತೇ ಇತ್ತು, ನಾವು ಹಿಡಿಯಬೇಕಾದ ಬಸ್ಸು ಹೋಯಿತು. ನಾನು ಗೋಡೆಗೆ ಆನಿಕೊಂಡು ಕೆಳಗೆ ಕೂತೆ.