ಗುಹೆಯಲ್ಲೇ ಉಳಿದ ಅಣ್ಣ

ನಮ್ಮ ಮನೆಯ ಹಳೆಯ ಫೋನಿನ ಮೇಲೆ ಅಮ್ಮ ಹೆಣೆದ ದಾರದ ಬಟ್ಟೆ ಇನ್ನೂ ಹಾಗೇ ಇದೆ. ಸಂಪರ್ಕ ಕಡಿದು ವರ್ಷಗಳಾದವು. ಸತ್ತದ್ದರ ಮೇಲಿನ ಹೊದಿಕೆ ತೆಗೆಯಲು ಮನಸ್ಸು ಬಾರದು.

ಇಂಟರ್ನೆಟ್ ಎಂಬ ಮಾತು ನಮ್ಮ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ಗೆ ಬರುವ ಮೊದಲು, ಇದೇ ತಂತಿಯಲ್ಲಿ ಅಣ್ಣ ತನ್ನ ಕಂಪ್ಯೂಟರಿನಿಂದ ಬೆಂಗಳೂರಿನ ಯಾರದೋ ಮನೆಯ ಕಂಪ್ಯೂಟರಿಗೆ ಕರೆ ಮಾಡಿ ಚಿನ್ನ ಹುಡುಕುವ ಆಟ ಆಡುತ್ತಿದ್ದ. ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೋಡೆಮ್ ಕೀರಲು ದನಿಯಲ್ಲಿ ಅರಚಿ ಸುಮ್ಮನಾದರೆ, ಕಪ್ಪು ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರ. ಅಣ್ಣ ನನಗೆ ಬಿಡಿಸಿ ಹೇಳುತ್ತಿದ್ದ: ನೀನು ಗುಹೆಯಲ್ಲಿದ್ದೀಯ, ದೀಪ ಮಂಕಾಗುತ್ತಿದೆ, ಯಾವ ಕಡೆ ಹೋಗುವೆ? ಅಪ್ಪ ಗಣಿಯ ಕತ್ತಲಲ್ಲಿ, ಮಗ ಅಕ್ಷರದ ಕತ್ತಲಲ್ಲಿ ಚಿನ್ನ ಹುಡುಕಿದರು. ಇಬ್ಬರ ಚಿನ್ನವೂ ಮನೆಗೆ ಬರಲಿಲ್ಲ.

ಒಂದು ಸಂಜೆ ಅಣ್ಣ ಆಡುತ್ತಿದ್ದಾಗಲೇ ನೆಲ ಅದುರಿತು. ಒಳಗೆಲ್ಲೋ ಬಂಡೆ ಸಿಡಿದರೆ ಗಣಿಯವರ ಮನೆಗಳಲ್ಲಿ ಮೊದಲು ನಡುಗುವುದು ಪಾತ್ರೆ, ಆಮೇಲೆ ಹೆಂಗಸರು. ಅಪ್ಪನ ಸುದ್ದಿ ಕೇಳಲು ಅಮ್ಮ ಓಡಿಬಂದು ಫೋನೆತ್ತಿದಳು.

"ಅಯ್ಯೋ, ಯಾರೋ ಒಳಗೆ ಕಿರುಚ್ತಾವ್ರೆ ಕಣ್ಲಾ!"

"ಇಡಮ್ಮಾ ಕೆಳಗೆ! ಕಟ್ಟಾಗೋಯ್ತು, ನನ್ನ ಸಾಯಿಸ್ಬುಟ್ಟೆ!"

"ನಿಮ್ಮಪ್ಪ ನೆಲದೊಳಗವ್ರೆ, ನೀನು ಕುರ್ಚಿ ಮೇಲೆ ಕುಂತು ಸಾಯ್ತೀಯೇನ್ಲಾ?"

ಕರೆ ಕಡಿದರೆ ಆಡುವವನು ಗುಹೆಯಲ್ಲಿ ನಿಂತಲ್ಲೇ ನಿಂತಿರಬೇಕು, ಮತ್ತೆ ಕರೆ ಮಾಡುವವರೆಗೆ. ಆ ಆಟದ ನಿಯಮ ಅದು. ಆದರೆ ಮರುದಿನದಿಂದ ಬೆಂಗಳೂರಿನ ಆ ಕಂಪ್ಯೂಟರ್ ಕರೆಗೆ ಓಗೊಡಲಿಲ್ಲ. ಅದರ ಯಜಮಾನ ಆಟವನ್ನೇ ಮುಚ್ಚಿಬಿಟ್ಟಿದ್ದ. ಅಪ್ಪ ಆ ಸಂಜೆ ಮೇಲೆ ಬಂದರು. ಅಣ್ಣ ಆ ಗುಹೆಯಿಂದ ಬರಲಿಲ್ಲ. ಇದನ್ನು ಹೇಳಿ ಹೇಳಿ ವರ್ಷಗಟ್ಟಲೆ ನಗುತ್ತಿದ್ದೆವು.

ಅಪ್ಪ ಅಮ್ಮ ಹೋದರು, ಗಣಿ ಮುಚ್ಚಿತು. ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಕಾರು ಹತ್ತಿದ ಅಣ್ಣನ ಉಸಿರು ಬಂಗಾರಪೇಟೆ ದಾಟಲಿಲ್ಲ. ಇಂದಿನವರು ಇಂಥ ಆಟಗಳನ್ನು ಮುದ್ದಾಗಿ ನೆನೆಯುತ್ತಾರೆ, ಚಿನ್ನ ತೆಗೆದು ಸುರಿದ ವಿಷದ ಮಣ್ಣಿನ ಸೈನೈಡ್ ದಿಬ್ಬದ ಮುಂದೆ ಫೋಟೋ ತೆಗೆಸಿಕೊಳ್ಳುವವರ ಹಾಗೆ. ಹಳೆಯದರ ಚೆಲುವು, ಅದರಲ್ಲಿ ಏನನ್ನೂ ಕಳೆದುಕೊಳ್ಳದವರ ಕಣ್ಣಿಗಷ್ಟೇ ಬೀಳುತ್ತದೇನೋ ಗೆಳೆಯರೇ. ನನಗೆ ಕಾಣುವುದು ಮಂಕು ದೀಪ ಹಿಡಿದು, ಯಾವ ಕಡೆ ಹೋಗಲೆಂದು ತಿಳಿಯದೆ ನಿಂತ ಒಬ್ಬನೇ ಹುಡುಗ.

ನೀರು ತುಂಬಿದ ಗಣಿ ಈಗಲೂ ಒಮ್ಮೊಮ್ಮೆ ಕದಲುತ್ತದೆ. ಮೊನ್ನೆ ಪಾತ್ರೆ ನಡುಗಿದಾಗ ನಾನೂ ಅಮ್ಮನಂತೆ ಓಡಿ, ಬಟ್ಟೆ ಸರಿಸಿ ಫೋನೆತ್ತಿದೆ. ಒಳಗೆ ಯಾರೂ ಕಿರುಚಲಿಲ್ಲ. "ಇಡಮ್ಮಾ ಕೆಳಗೆ" ಎನ್ನುವವರಿಲ್ಲದೆ, ಎತ್ತಿದ್ದನ್ನು ಯಾವಾಗ ಇಡಬೇಕೆಂದು ತಿಳಿಯಲಿಲ್ಲ.