ಮೊಣಕಾಲು ನೋವಿನ ಗಂಡಸರು

ನಮ್ಮ ದೇವದುರ್ಗದಿಂದ ರಾಯಚೂರಿಗೆ ಎಚ್‌ಐವಿ ಗುಳಿಗೆ ತರಲು ಹೋಗುವ ಗಂಡಸರಿಗೆಲ್ಲ ಮೊಣಕಾಲು ನೋವು. ಮಾನ್ವಿ ಕಡೆಯವರಿಗೂ ಅದೇ. "ಮತ್ತೇನರ ತ್ರಾಸ ಅದ ಏನ್ರಿ?" ಎಂದು ಡಾಕ್ಟರ್ ಕೇಳಿದರೆ ಸಾಕು, ಎಲ್ಲರ ಕೈ ತಾನಾಗಿ ಮೊಣಕಾಲಿಗೆ ಹೋಗುತ್ತಿತ್ತು. ಅದಕ್ಕಿಂತ ಮೇಲೆ ಹೋಗಲು ಯಾರಿಗೂ ಧೈರ್ಯವಿರಲಿಲ್ಲ.

ನನ್ನ ತ್ರಾಸವೂ ಮೇಲಿನದೇ. ಹೆಂಡತಿಯ ಹತ್ತಿರ ಹೋದರೆ ಗಂಡಸುತನ ಕೈಕೊಡುತ್ತಿತ್ತು. ಅವಳಿಗೆ ರೋಗವಿಲ್ಲ. ಗುಳಿಗೆ ತಪ್ಪಿಸದೆ ನುಂಗಿ ನನ್ನ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದಿದೆ, ಅದು ಹಾಗೇ ಇರುವತನಕ ಅವಳಿಗೆ ತಗಲುವುದಿಲ್ಲ ಎಂದು ಡಾಕ್ಟರ್ ಅವಳೆದುರಿಗೇ ಹೇಳಿದ್ದರು. ಹೀಗಾಗಿ ಹೆದರಿಕೆಯ ನೆಪವೂ ಹೋಗಿ ಮೊಣಕಾಲೊಂದೇ ಉಳಿಯಿತು. ಅವಳು ಪಾಪ, ಎಣ್ಣೆ ಬಿಸಿಮಾಡಿ ದಿನಾ ತಿಕ್ಕುತ್ತಿದ್ದಳು. ತಿಕ್ಕಿಸಿಕೊಂಡು ನಾನು ಗೋಡೆ ಕಡೆ ಹೊರಳುತ್ತಿದ್ದೆ. ನನ್ನ ಕಾಲುಗಳು ಪೈಲ್ವಾನನ ಕಾಲಿನಂತೆ ಮಿಂಚತೊಡಗಿದವು.

ಒಂದು ಬೆಳಿಗ್ಗೆ ಅವಳು ಮಾನ್ವಿಯ ತವರಿಗೆ ಹೊರಡಲು ಚೀಲ ತುಂಬಿ ಬಾಗಿಲ ಬಳಿ ಇಟ್ಟಳು.

"ನಿಮಗ ನಾ ಬ್ಯಾಡಾಗೀನಿ. ಹೋದ್ರ ಹೊಳ್ಳಿ ಬರಂಗಿಲ್ಲ."

"ಹಂಗಲ್ಲ, ಮೊಣಕಾಲು..."

"ಸುಡ್ಲಿ ನಿಮ್ಮ ಮೊಣಕಾಲು!"

ಗುಳಿಗೆ ತರುವತನಕವಾದರೂ ಇರು ಎಂದು ಕೈಮುಗಿದು ಬಸ್ ಹತ್ತಿದೆ.

ರಾಯಚೂರಿನ ಗುಳಿಗೆ ಕೇಂದ್ರದಲ್ಲಿ ಅಂದು ಹೊಸ ಸಂಭ್ರಮ. ಇಷ್ಟೊಂದು ಮೊಣಕಾಲು ಕಂಡು ಮರುಗಿದ ಡಾಕ್ಟರ್ ವ್ಯಾಯಾಮ ಕಲಿಸುವವರನ್ನೇ ಕರೆಸಿದ್ದರು. ನೋವೇ ಇಲ್ಲದ ಗಂಡಸರೆಲ್ಲ ಗೋಡೆ ಹಿಡಿದು ಕೂತು ಏಳುತ್ತಾ ನರಳುತ್ತಿದ್ದೆವು. ಮಾನ್ವಿಯ ಹಿರಿಯರೊಬ್ಬರು ಹೋರಿಯಂತೆ ಪಟಕ್ಕನೆ ಎದ್ದುಬಿಟ್ಟರು. ಆಮೇಲೆ ನೆನಪಾಗಿ "ಯವ್ವಾ ಸತ್ತೆ" ಎಂದರು. ನನಗೆ ನಗು ಬಂತು. ಮನೆ ಬಾಗಿಲ ಬಳಿಯ ಹೆಂಡತಿಯ ಚೀಲ ಕಣ್ಣಿಗೆ ಕಟ್ಟಿ, ನಗು ಹೋಗಿ ಸಿಟ್ಟು ಬಂತು.

"ಸಾಹೇಬ್ರ, ನನ್ನ ಮೊಣಕಾಲು ಗಟ್ಟಿ ಅದಾವ್ರಿ! ಹೇಣ್ತಿ ಹತ್ರ ಹೋದ್ರ ಏನೂ ಆಗವಲ್ದು. ಅಕಿ ಮನಿ ಬಿಟ್ಟು ಹೊಂಟಾಳ!" ಎಂದು ಡಾಕ್ಟರ ಮುಂದೆ ಹೋಗಿ ಒದರಿಬಿಟ್ಟೆ.

ಎಲ್ಲರೂ ಗೋಡೆ ಬಿಟ್ಟರು. ಆ ಹಿರಿಯರು ಧೋತರ ಕೊಡವಿಕೊಂಡು ಬಂದು ಸದ್ದಿಲ್ಲದೆ ನನ್ನ ಹಿಂದೆ ನಿಂತರು. ಅವರ ಹಿಂದೆ ಇನ್ನೊಬ್ಬರು. ಡಾಕ್ಟರ ಮುಂದೆ ಉದ್ದಕ್ಕೆ ಪಾಳಿ ಬೆಳೆಯಿತು, ವ್ಯಾಯಾಮದವರು ಒಬ್ಬರೇ ಗೋಡೆ ಹಿಡಿದು ಉಳಿದರು.

"ಇದು ಭಾಳ ಮಂದಿಗೆ ಇರ್ತದ. ಚಿಂತಿ, ಸಕ್ಕರಿ, ಬಿಪಿ, ಯಾವುದರಿಂದ ಅಂತ ನೋಡೂಣು. ಅಂಗಡ್ಯಾಗಿನ ಶಕ್ತಿ ಗುಳಿಗಿ ಮಾತ್ರ ನೀವ ತಗೋಬ್ಯಾಡ್ರಿ, ಈ ಗುಳಿಗಿ ಜೋಡಿ ಅವು ಹೊಂದಂಗಿಲ್ಲ," ಎಂದರು ಡಾಕ್ಟರ್.

ಮನೆಗೆ ಬಂದವನೇ ನಿಂತಲ್ಲೇ ಎಲ್ಲ ಹೇಳಿದೆ. ಅವಳು ಚೀಲದ ಪಕ್ಕದಲ್ಲೇ ಕುಸಿದು ಕೂತು ಅತ್ತಳು.

"ನಾ ನಿಮಗ ಹೇಸಿಗಿ ಆಗೀನಿ ಅನ್ಕೊಂಡಿದ್ದೆ," ಎಂದಳು. ನನಗೂ ಅಳು ತಡೆಯಲಾಗಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು, ಎಣ್ಣೆ ಬಟ್ಟಲನ್ನು ನನ್ನ ಮುಂದೆ ತಳ್ಳಿ ಕೈ ಚಾಚಿದಳು.

"ನಿಮ್ಮ ಸುಳ್ಳು ಮೊಣಕಾಲು ತಿಕ್ಕಿ ತಿಕ್ಕಿ ನನ್ನ ಮಣಿಕಟ್ಟು ಖರೇನ ನೋಯಾಕತ್ತೇದ. ತಿಕ್ಕ್ರಿ."